ಒಡಂಬಡಿಕೆಯ ಫೋಟೋದಲ್ಲಿ ರೋಗಿ ಎಲ್ಲಿ?

ಪತ್ರಿಕೆಗಳಲ್ಲಿ ಆಗಾಗ ಒಂದು ಫೋಟೋ ಬರುತ್ತದೆ. ಸೂಟು ಹಾಕಿದ ಇಬ್ಬರು, ಒಬ್ಬರು ಇಲ್ಲಿಯವರು, ಇನ್ನೊಬ್ಬರು ಹೊರದೇಶದವರು, ಒಂದು ಫೈಲನ್ನು ಇಬ್ಬರೂ ಹಿಡಿದು ಕ್ಯಾಮೆರಾದ ಕಡೆ ನೋಡಿ ನಗುತ್ತಿರುತ್ತಾರೆ. ಹೊರದೇಶದವರ ತಲೆಯ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಶಾಲು, ಎದುರಿನ ಮೇಜಿನ ಮೇಲೆ ಹಣ್ಣಿನ ಬುಟ್ಟಿ. ಕೆಳಗೆ ಎರಡು ಸಾಲು: ಇಂತಿಂಥ ಕ್ಯಾನ್ಸರ್ ಆಸ್ಪತ್ರೆಯು ಇಂತಿಂಥ ವಿದೇಶಿ ಸಂಸ್ಥೆಯೊಂದಿಗೆ ಸಂಶೋಧನೆ ಮತ್ತು ಚಿಕಿತ್ಸೆಯ ಸುಧಾರಣೆಗಾಗಿ ಒಡಂಬಡಿಕೆ ಮಾಡಿಕೊಂಡಿದೆ. ನಾವು ಓದುತ್ತೇವೆ, ಹೆಮ್ಮೆ ಪಡುತ್ತೇವೆ, ಪುಟ ತಿರುಗಿಸುತ್ತೇವೆ.

ಆ ಫೋಟೋದಲ್ಲಿ ರೋಗಿ ಇರುವುದಿಲ್ಲ. ಫೋಟೋದಲ್ಲಿ ಇಲ್ಲದಿದ್ದರೆ ಹೋಗಲಿ, ಆ ಫೈಲಿನೊಳಗಾದರೂ ಇದ್ದಾನೆಯೇ? ಈ ಲೇಖನದಲ್ಲಿ ನಾವು ಕೇಳಬೇಕೆಂದಿರುವುದು ಇಷ್ಟೇ.

ನಾವು ಕಥೆ ಬರೆಯುವವರು, ವೈದ್ಯರಲ್ಲ. ಆದರೆ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತವರ ಜೊತೆ ನಾವೂ ಕೂತಿದ್ದೇವೆ. ಅಷ್ಟು ಅರ್ಹತೆ ಸಾಕು ಎಂದುಕೊಂಡು ಬರೆಯುತ್ತಿದ್ದೇವೆ.

ನಮ್ಮ ಖಾಲಾ ಒಬ್ಬರಿದ್ದರು, ತಾಯಿಯ ತಂಗಿ. ಎದೆಯಲ್ಲಿ ಗಂಟು ಕಾಣಿಸಿಕೊಂಡು ಎಂಟು ತಿಂಗಳಾದರೂ ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವ ಜಾಗದ ಕಾಯಿಲೆಯಲ್ಲ ಅದು ಎಂದುಕೊಂಡಿದ್ದರು. ನೋವು ತಡೆಯಲಾಗದೆ ನಮ್ಮ ತಾಯಿಯ ಕಿವಿಯಲ್ಲಿ ಹೇಳುವ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ದೂರದ ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಗೋಡೆಯ ಮೇಲೆ ವಿದೇಶಿ ಸಂಸ್ಥೆಯೊಂದರ ಸಹಯೋಗದ ಫಲಕ ಹೊಳೆಯುತ್ತಿತ್ತು. ಕಾಗದಗಳ ಒಂದು ಕಟ್ಟನ್ನು ಕೈಗಿತ್ತು ಸಹಿ ಮಾಡಿಸಿ ಎಂದರು. ಎಲ್ಲವೂ ಇಂಗ್ಲಿಷಿನಲ್ಲಿ. ಖಾಲಾಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. "ಬೇಟಾ, ಇಸ್‌ಮೇ ಕ್ಯಾ ಲಿಖೇ ಹೈಂ?" ಎಂದು ಕೇಳಿದರು. ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಕಲಿತ ನಾವು ಎರಡರಲ್ಲೂ ಅದನ್ನು ಹೇಳಲಾರದೆ, ಔಷಧಿ ಕೊಡಲು ಒಪ್ಪಿಗೆ ಕೇಳುತ್ತಿದ್ದಾರೆ ಅಷ್ಟೇ ಎಂದುಬಿಟ್ಟೆವು. ಅವರು ಉರ್ದುವಿನಲ್ಲಿ ತಮ್ಮ ಹೆಸರು ಬರೆದರು.

ಮೂರು ಸಲ ಕಿಮೋ ಆಯಿತು. ಪ್ರತಿ ಸಲವೂ ಇಬ್ಬರ ಬಸ್ ಚಾರ್ಜು, ಎರಡು ರಾತ್ರಿಯ ವಸತಿ, ಜೊತೆಗೆ ಬರುವ ಮಗಳ ಬೀಡಿ ಕೆಲಸದ ಮೂರು ದಿನದ ಕೂಲಿ ನಷ್ಟ. ನಾಲ್ಕನೆಯ ಸಲಕ್ಕೆ ಅವರು ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಆ ಆಸ್ಪತ್ರೆಯಿಂದ ಒಂದು ಫೋನು ಬರಲಿಲ್ಲ, ಒಂದು ಕಾರ್ಡು ಬರಲಿಲ್ಲ. ನಾವೂ ನಮ್ಮ ನಮ್ಮ ಕೆಲಸಗಳಲ್ಲಿದ್ದೆವು. ಮುಂದಿನ ರಂಝಾನಿಗೆ ಖಾಲಾ ಇರಲಿಲ್ಲ.

ಇದನ್ನು ಬರೆಯುತ್ತಿರುವುದು ವಿದೇಶಿ ಸಹಯೋಗವೇ ಬೇಡ ಎನ್ನಲು ಅಲ್ಲ. ಬೇಕೇ ಬೇಕು. ಅದರಿಂದ ಏನಾಗಿದೆ ಎಂಬುದನ್ನು ಮೊದಲು ನೋಡೋಣ.

ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಅಮೆರಿಕ, ಯೂರೋಪುಗಳಲ್ಲಿ ಈ ಕಾಯಿಲೆಯ ಮಕ್ಕಳು ಬದುಕಿ ಉಳಿಯತೊಡಗಿದ್ದರು. ನಮ್ಮ ದೇಶದಲ್ಲಿ ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ ಇಪ್ಪತ್ತು ಮಕ್ಕಳು ಉಳಿಯುತ್ತಿರಲಿಲ್ಲ. 1984ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾತ್ ಅವರು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಮತ್ತು ದೆಹಲಿಯ ಏಮ್ಸ್‌ನ ವೈದ್ಯರೊಂದಿಗೆ ಕೂತು ಒಂದು ಚಿಕಿತ್ಸಾ ಕ್ರಮ ಸಿದ್ಧಪಡಿಸಿದರು. ಅದರ ಹೆಸರು ಎಂಸಿಪಿ 841. ಅಮೆರಿಕದ ಕ್ರಮವನ್ನು ಇದ್ದಂತೆಯೇ ತಂದು ಇಲ್ಲಿ ಹೇರಲಿಲ್ಲ. ಇಲ್ಲಿ ಸಿಗುವ ಔಷಧಿ, ಇಲ್ಲಿನ ಹಾಸಿಗೆಗಳ ಸಂಖ್ಯೆ, ಇಲ್ಲಿನ ಮಗುವಿನ ಮೈ ಎಷ್ಟು ತಾಳೀತು ಎಂಬ ಲೆಕ್ಕ ಇಟ್ಟುಕೊಂಡು ಅದನ್ನು ಕಟ್ಟಿದರು. ಮೂರೂ ಕಡೆ ಒಂದೇ ಕ್ರಮ, ಒಂದೇ ರೀತಿಯ ದಾಖಲೆ. 2005ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ಪ್ರಕಟವಾದಾಗ, ನಾಲ್ಕು ವರ್ಷಗಳ ನಂತರವೂ ಕಾಯಿಲೆ ಮರುಕಳಿಸದೆ ಬದುಕಿದ್ದವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಶೇಕಡ 45ರಿಂದ 60ರವರೆಗೆ ಇದ್ದರು. ಆ ಮಕ್ಕಳಲ್ಲಿ ಎಷ್ಟೋ ಜನ ಇವತ್ತು ತಾವೇ ತಂದೆ ತಾಯಿಯರಾಗಿರಬಹುದು. ಸಹಯೋಗ ಎಂದರೆ ಇದು.

ಜ್ಞಾನ ಯಾವಾಗಲೂ ಪಶ್ಚಿಮದಿಂದಲೇ ಹರಿದು ಬರುತ್ತದೆ ಎಂದು ನಂಬಿದವರಿಗೆ ಇನ್ನೊಂದು ಕಥೆ ಹೇಳಬೇಕು. ರಕ್ತದ ಕ್ಯಾನ್ಸರಿನಲ್ಲೇ ಒಂದು ಬಗೆ, ಮೈಯೊಳಗೆ ರಕ್ತಸ್ರಾವವಾಗಿ ರೋಗಿ ಕೆಲವೇ ದಿನಗಳಲ್ಲಿ ತೀರಿಕೊಳ್ಳುವಂಥದ್ದು. 1980ರ ದಶಕದಲ್ಲಿ ಶಾಂಘೈನ ರುಯಿಜಿನ್ ಆಸ್ಪತ್ರೆಯ ವಾಂಗ್ ಝೆನ್‌ಯಿ ಎಂಬ ವೈದ್ಯರು ಎ ಜೀವಸತ್ವದ ಬಳಗಕ್ಕೆ ಸೇರಿದ ಒಂದು ಗುಳಿಗೆಯಿಂದ ಇಂಥ ರೋಗಿಗಳನ್ನು ಬದುಕಿಸಿ ತೋರಿಸಿದರು. ಚೀನಾದ್ದೇ ಆದ ಹಾರ್ಬಿನ್ ನಗರದ ವೈದ್ಯರು ಅದಕ್ಕೂ ಮೊದಲು ಪಾಷಾಣದಿಂದ, ಹೌದು, ನಾವು ವಿಷ ಎಂದು ಹೆದರುವ ಅದೇ ಪಾಷಾಣದಿಂದ ಔಷಧಿ ಮಾಡಿ ಬಳಸುತ್ತಿದ್ದರು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಲಾರೆಂಟ್ ಡೆಗೋಸ್ ಶಾಂಘೈನವರೊಂದಿಗೆ ಕೈಜೋಡಿಸಿದ್ದರಿಂದ ಲೋಕಕ್ಕೆ ಇದು ಬೇಗ ತಲುಪಿತು. ಪಾಷಾಣ ಮತ್ತು ಆ ಗುಳಿಗೆ ಎರಡನ್ನೇ ಕೊಟ್ಟರೂ ಹಳೆಯ ಕಿಮೋ ಕ್ರಮಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂದು 2013ರಲ್ಲಿ ಇಟಲಿ ಮತ್ತು ಜರ್ಮನಿಯ ವೈದ್ಯರು ಸಾಬೀತುಪಡಿಸಿದರು. ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ದುಬಾರಿ ಔಷಧಿ ಕೊಳ್ಳಲಾಗದ ರೋಗಿಗಳಿಗೆ ಪಾಷಾಣವೊಂದನ್ನೇ ಕೊಟ್ಟು ಗುಣಪಡಿಸಿದ ಅನುಭವವನ್ನು 2006ರಲ್ಲೇ ಪ್ರಕಟಿಸಿದ್ದರು. ಇನ್ನೊಂದೆಡೆ ಬ್ರೆಜಿಲ್, ಚಿಲಿ, ಮೆಕ್ಸಿಕೊ, ಉರುಗ್ವೆಯ ಆಸ್ಪತ್ರೆಗಳು ಯೂರೋಪು ಅಮೆರಿಕದ ತಜ್ಞರ ಜೊತೆ ಒಂದು ಬಳಗ ಕಟ್ಟಿಕೊಂಡು, ದುಬಾರಿ ಔಷಧಿಯ ಬದಲು ತಮ್ಮಲ್ಲಿ ಸಿಗುವ ಅಗ್ಗದ ಔಷಧಿ ಬಳಸಿ, ಈ ಕಾಯಿಲೆಯ ಆರಂಭದ ದಿನಗಳ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದವು. ಇಲ್ಲಿ ದಾನಿ ಯಾರು, ಬೇಡುವವ ಯಾರು?

ಆದ್ದರಿಂದ ನಮ್ಮ ಮೊದಲ ಜಗಳ ವಿದೇಶದ ಹೆಸರನ್ನು ಕೇಳಿದೊಡನೆ ಕೈಮುಗಿಯುವವರ ಜೊತೆ. ದೊಡ್ಡ ಸಂಸ್ಥೆಯೊಂದರ ಹೆಸರು ಬಾಗಿಲ ಮೇಲೆ ಬಂದರೆ ಒಳಗಿನ ಚಿಕಿತ್ಸೆ ತಾನಾಗಿಯೇ ಉತ್ತಮವಾಗುತ್ತದೆ ಎಂದು ಇವರು ತಿಳಿದಿದ್ದಾರೆ. ಇಲ್ಲ, ಆಗುವುದಿಲ್ಲ. ಹೆಸರಿಗೆ ಬಾಡಿಗೆ ಕೊಟ್ಟರೆ ಕೋಣೆಯ ಬಾಡಿಗೆ ಏರುತ್ತದೆ, ಅಷ್ಟೇ.

ಏನಿದ್ದರೆ ಚಿಕಿತ್ಸೆ ಸುಧಾರಿಸುತ್ತದೆ ಎಂದು ತಿಳಿಯಬೇಕಾದರೆ ಬ್ರೆಜಿಲಿನ ಬಡ ಈಶಾನ್ಯ ಭಾಗದ ರೆಸೀಫೆ ನಗರವನ್ನು ನೋಡಬೇಕು. ಅಲ್ಲಿನ ಮಕ್ಕಳ ಆಸ್ಪತ್ರೆಯೊಂದು ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ಜೊತೆ ಕೈಜೋಡಿಸಿತು. 1980ರ ದಶಕದಲ್ಲಿ ರಕ್ತದ ಕ್ಯಾನ್ಸರಿನ ನೂರು ಮಕ್ಕಳಲ್ಲಿ ಐದು ವರ್ಷ ಕಾಯಿಲೆಯಿಲ್ಲದೆ ಉಳಿಯುತ್ತಿದ್ದವರು 32. 1997ರಿಂದ 2002ರ ಅವಧಿಯಲ್ಲಿ ಅದು 63ಕ್ಕೆ ಏರಿತು. ಈ ಏರಿಕೆಯ ಹಿಂದೆ ಒಳ್ಳೆಯ ಚಿಕಿತ್ಸಾ ಕ್ರಮ ಇತ್ತು, ತರಬೇತಿ ಪಡೆದ ದಾದಿಯರು ಇದ್ದರು. ಆದರೆ ನಮ್ಮ ಕಣ್ಣು ನಿಂತಿದ್ದು ಇನ್ನೊಂದು ಅಂಕಿಯ ಮೇಲೆ. ಮೊದಲು ನೂರಕ್ಕೆ 16 ಮಕ್ಕಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಆಮೇಲೆ ಇನ್ನೂರು ಮಕ್ಕಳಲ್ಲಿ ಒಬ್ಬರು. ಊರಿಂದ ಬಂದ ತಾಯಿ ಮಗುವಿಗೆ ಉಳಿಯಲು ಜಾಗ ಕೊಟ್ಟರು, ಪ್ರಯಾಣಕ್ಕೆ ನೆರವು ಕೊಟ್ಟರು, ಸ್ಥಳೀಯರು ಚಂದಾ ಎತ್ತಿ ನಿಧಿ ಕಟ್ಟಿದರು. ಎಲ್ ಸಾಲ್ವಡಾರ್ ದೇಶದ ಬೆಂಜಮಿನ್ ಬ್ಲೂಮ್ ಆಸ್ಪತ್ರೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರಬೇಕಾದ ದಿನ ಮಗು ಬಾರದಿದ್ದರೆ ಮನೆಯವರನ್ನು ಹುಡುಕಿ ವಿಚಾರಿಸುವ ಪದ್ಧತಿ ತಂದರು. 1986ರಲ್ಲೇ ಇಟಲಿಯ ಮೊಂಝಾ ಪಟ್ಟಣದ ವೈದ್ಯರು ನಿಕರಾಗುವಾದ ಮನಾಗುವಾ ನಗರದ ಲಾ ಮಸ್ಕೋಟಾ ಆಸ್ಪತ್ರೆಯ ಜೊತೆ ಇಂಥ ನಂಟು ಬೆಳೆಸಿದ್ದರು. ಅವರು ಕಲಿತ ಪಾಠವೂ ಇದೇ: ಔಷಧಿ ಪುಕ್ಕಟೆ ಕೊಟ್ಟರೆ ಸಾಲದು, ಬಸ್ಸಿನ ದುಡ್ಡೂ ಊಟವೂ ಚಿಕಿತ್ಸೆಯ ಭಾಗ.

ಇದನ್ನು ಓದಿದ ದಿನ ನಮಗೆ ಖಾಲಾ ನೆನಪಾದರು. ಅವರಿಗೆ ಕೊಟ್ಟ ಔಷಧಿ ಬಹುಶಃ ಹೊರದೇಶದಲ್ಲಿ ಕೊಡುವ ಔಷಧಿಯೇ. ಆ ಆಸ್ಪತ್ರೆಯ ಯಂತ್ರಗಳೂ ಅಂಥವೇ. ಇಲ್ಲದೇ ಹೋದದ್ದು ನಾಲ್ಕನೆಯ ಸಲ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬ ಮನುಷ್ಯ. ಅದಕ್ಕೆ ಬೇಕಾದ್ದು ಒಂದು ರಿಜಿಸ್ಟರ್ ಮತ್ತು ಒಂದು ಫೋನು. ಕೋಟಿಗಳ ಒಡಂಬಡಿಕೆಯಲ್ಲಿ ಇದಕ್ಕೆ ಜಾಗ ಸಿಗಲಿಲ್ಲ ಎಂದರೆ ಆ ಒಡಂಬಡಿಕೆ ಯಾರಿಗಾಗಿ?

ನಮ್ಮ ಎರಡನೆಯ ಜಗಳ ಇನ್ನೊಂದು ಗುಂಪಿನ ಜೊತೆ. ವಿದೇಶದಿಂದ ಬಂದದ್ದೆಲ್ಲ ಪಿತೂರಿ ಎನ್ನುವವರು ಇವರು. ಈ ಸೂಜಿಯಿಂದ ಹೆಣ್ಣುಮಕ್ಕಳಿಗೆ ಮಕ್ಕಳಾಗುವುದಿಲ್ಲ, ಇದು ನಮ್ಮ ಸಂಖ್ಯೆ ಕಡಿಮೆ ಮಾಡುವ ಸಂಚು ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಪೋಲಿಯೋ ಹನಿಯ ಕಾಲದಿಂದಲೂ ಓಡಾಡುತ್ತಿದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಬಗ್ಗೆಯೂ ಅದೇ ಮಾತು. ಇದಕ್ಕೆ ಆಧಾರವಿಲ್ಲ ಎಂದು ನಾವು ಗಟ್ಟಿಯಾಗಿಯೇ ಹೇಳುತ್ತೇವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಈ ಕ್ಯಾನ್ಸರಿನಿಂದ ಸತ್ತ ಹೆಂಗಸರು ಸುಮಾರು 80 ಸಾವಿರ. ಲಸಿಕೆಯಿಂದ, ತಪಾಸಣೆಯಿಂದ ಬಹುಪಾಲು ತಡೆಯಬಹುದಾದ ಸಾವುಗಳಿವು. ವದಂತಿ ಹಬ್ಬಿಸುವವರು ಈ ಸಾವುಗಳಲ್ಲಿ ಪಾಲುದಾರರು.

ಆದರೆ ಜನರ ಅನುಮಾನ ಆಕಾಶದಿಂದ ಇಳಿದು ಬಂದದ್ದೂ ಅಲ್ಲ. 2009ರಲ್ಲಿ ಅಮೆರಿಕದ ಪಾಥ್ ಎಂಬ ಸಂಸ್ಥೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳ ಜೊತೆ ಸೇರಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿಸಿತು. ಅವರಲ್ಲಿ ಆದಿವಾಸಿ ಮಕ್ಕಳು ಬಹಳ. ಏಳು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಇದನ್ನು ಮರೆಮಾಚಬಾರದು. ಆದರೆ ತಂದೆ ತಾಯಿಯ ಒಪ್ಪಿಗೆ ಇರಬೇಕಾದ ಕಡೆ ಹಾಸ್ಟೆಲ್ ವಾರ್ಡನ್‌ಗಳ ಸಹಿ ಇದ್ದದ್ದೂ ಅದೇ ತನಿಖೆಯಲ್ಲಿ ಬಯಲಾಯಿತು. ಅದನ್ನು ಕೂಡ ಮರೆಮಾಚಬಾರದು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟು ಮಾತುಗಳಲ್ಲಿ ವರದಿ ಕೊಟ್ಟಿತು.

ಇನ್ನೊಂದು ಉದಾಹರಣೆ ಮುಂಬೈಯದು. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಣದಿಂದ ಟಾಟಾ ಆಸ್ಪತ್ರೆ ಒಂದು ದೊಡ್ಡ ಅಧ್ಯಯನ ಆರಂಭಿಸಿತು. ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ವಿನೆಗರ್ ಹಚ್ಚಿ ಗರ್ಭಕಂಠವನ್ನು ಪರೀಕ್ಷಿಸುವ ಸರಳ ತಪಾಸಣೆ. ಇನ್ನರ್ಧಕ್ಕೆ ತಿಳುವಳಿಕೆಯ ಮಾತು ಮಾತ್ರ. ತಪಾಸಣೆ ಮಾಡಿದವರು ವೈದ್ಯರಲ್ಲ, ತರಬೇತಿ ಕೊಟ್ಟ ಸಾಮಾನ್ಯ ಹೆಣ್ಣುಮಕ್ಕಳು. ತಪಾಸಣೆಯ ಗುಂಪಿನಲ್ಲಿ ಸಾವು ಶೇಕಡ 31ರಷ್ಟು ಕಡಿಮೆಯಾಯಿತು ಎಂಬ ಫಲಿತಾಂಶ 2013ರಲ್ಲಿ ಬಂತು. ಬಡ ದೇಶಗಳಿಗೆಲ್ಲ ಬೇಕಾದ ಅಮೂಲ್ಯ ಜ್ಞಾನ ಅದು, ಅನುಮಾನವಿಲ್ಲ. ಆದರೆ ಮುಂಬೈ, ಉಸ್ಮಾನಾಬಾದ್ ಮತ್ತು ದಿಂಡಿಗಲ್‌ನಲ್ಲಿ ವಿದೇಶಿ ಹಣದಿಂದ ನಡೆದ ಇಂಥ ಮೂರು ಅಧ್ಯಯನಗಳಲ್ಲಿ ತಪಾಸಣೆ ಸಿಗದ ಗುಂಪುಗಳ ಕನಿಷ್ಠ 254 ಹೆಂಗಸರು ಇದೇ ಕ್ಯಾನ್ಸರಿನಿಂದ ಸತ್ತರು ಎಂದು ವೈದ್ಯಕೀಯ ನೀತಿಯ ಬಗ್ಗೆ ಬರೆಯುವವರು ಲೆಕ್ಕ ಮುಂದಿಟ್ಟರು. ಮುಂಬೈಯ ಅಧ್ಯಯನದಲ್ಲಿ ಹೆಂಗಸರಿಗೆ ಕೊಟ್ಟ ಮಾಹಿತಿ ಸಾಲದು ಎಂದು ಅಮೆರಿಕದ ಮೇಲ್ವಿಚಾರಣಾ ಕಚೇರಿಯೇ ಹೇಳಿತು. ಅಧ್ಯಯನ ಮಾಡಿದವರ ಸಮಾಧಾನ ಏನೆಂದರೆ, ಭಾರತದಲ್ಲಿ ಇಂಥ ತಪಾಸಣೆಯ ವ್ಯವಸ್ಥೆಯೇ ಇರಲಿಲ್ಲ, ಆದ್ದರಿಂದ ನಾವು ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ ಎಂದು.

ಈ ಸಮಾಧಾನವನ್ನು ನಾವು ಒಪ್ಪುವುದಿಲ್ಲ. ಹಸಿದವನ ತಟ್ಟೆಯಲ್ಲಿ ಮೊದಲೇ ಏನೂ ಇರಲಿಲ್ಲ ಎಂಬುದು ಅವನ ಎದುರು ಅನ್ನ ಹಿಡಿದು ಕೂತು ಎಷ್ಟು ದಿನ ಬದುಕುತ್ತಾನೆ ಎಂದು ಎಣಿಸಲು ಪರವಾನಗಿಯಲ್ಲ. ಹಣ ಕೊಟ್ಟ ದೇಶದ ಹೆಂಗಸರನ್ನು ಹೀಗೆ ತಪಾಸಣೆಯಿಲ್ಲದೆ ಬಿಟ್ಟು ನೋಡಲು ಅಲ್ಲಿನ ಯಾವ ಸಮಿತಿ ಒಪ್ಪುತ್ತಿತ್ತು?

ಒಂದು ವಿಪರ್ಯಾಸವನ್ನು ಹೇಳಲೇಬೇಕು. ಖಮ್ಮಂ ಗಲಾಟೆಯಿಂದಾಗಿ 2010ರಲ್ಲಿ ಲಸಿಕೆಯ ಬೇರೊಂದು ಅಧ್ಯಯನವೂ ನಿಂತಿತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಭಾರತದ ಹಲವು ಕೇಂದ್ರಗಳೊಂದಿಗೆ ನಡೆಸುತ್ತಿದ್ದ ಅಧ್ಯಯನ ಅದು. ಎರಡು ಮೂರು ಡೋಸ್ ಪಡೆಯಬೇಕಿದ್ದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವೈದ್ಯರು ಆ ಹುಡುಗಿಯರ ಕೈಬಿಡಲಿಲ್ಲ, ವರ್ಷಗಟ್ಟಲೆ ವಿಚಾರಿಸುತ್ತ ಹೋದರು. ಒಂದೇ ಡೋಸ್ ಕೂಡ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಕೊಡುತ್ತದೆ ಎಂದು 2021ರಲ್ಲಿ ಪ್ರಕಟಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸ್‌ಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಒದಗಿದ ಆಧಾರಗಳಲ್ಲಿ ನಮ್ಮ ಹುಡುಗಿಯರ ತೋಳೂ ಒಂದು. ಲೋಕದ ಬಡ ದೇಶಗಳ ಖರ್ಚು ಇದರಿಂದ ಇಳಿಯಿತು. ಆ ಹುಡುಗಿಯರ ಋಣ ಲೋಕದ ಮೇಲಿದೆ.

ಹಾಗಾದರೆ ನಾವು ಕೇಳುವುದೇನು? ದೊಡ್ಡದೇನಲ್ಲ.

ಒಂದು, ಪ್ರಶ್ನೆ ನಮ್ಮದಿರಲಿ. ಬಾಯಿಯ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ನಮ್ಮ ಬಡವರನ್ನು ತಿನ್ನುತ್ತಿರುವಾಗ, ಇನ್ಯಾವುದೋ ದೇಶದ ಮಾರುಕಟ್ಟೆಗೆ ಬೇಕಾದ ಔಷಧಿಯ ಪರೀಕ್ಷೆಗೆ ಮಾತ್ರ ನಮ್ಮ ಮೈ ಬೇಕೆಂದರೆ ಅದು ಸಹಯೋಗವಲ್ಲ, ಗುತ್ತಿಗೆ. ಪ್ರಶ್ನೆ ಕೇಳಲು ಬೇಕಾದ ಲೆಕ್ಕ ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ದಶಕಗಳಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಬೆಂಗಳೂರಿನದನ್ನು ಕಿದ್ವಾಯಿ ಸಂಸ್ಥೆ ನೋಡಿಕೊಳ್ಳುತ್ತ ಬಂದಿದೆ.

ಎರಡು, ಒಪ್ಪಿಗೆಯ ಕಾಗದ ರೋಗಿಯ ಭಾಷೆಯಲ್ಲಿರಲಿ. ಕನ್ನಡ, ಉರ್ದು, ತುಳು, ಲಂಬಾಣಿ, ಯಾವುದೇ ಇರಲಿ, ಅದರಲ್ಲಿ ಓದಿ ಹೇಳುವ ಒಬ್ಬರು ಇರಲಿ. ನಮ್ಮಂಥ ಅರೆಬರೆ ತಿಳಿದ ಸಂಬಂಧಿಕರ ಮೇಲೆ ಆ ಹೊಣೆ ಹೊರಿಸಬೇಡಿ. ನಾವು ಸುಳ್ಳು ಹೇಳುತ್ತೇವೆ, ಪ್ರೀತಿಯಿಂದಲೇ ಹೇಳುತ್ತೇವೆ.

ಮೂರು, ಪ್ರತಿ ಒಡಂಬಡಿಕೆಯಲ್ಲಿ ರೋಗಿಯ ಬಸ್ಸು, ಊಟ, ಹಾಸಿಗೆಗೆ ಒಂದು ಬಾಬ್ತು ಇರಲಿ. ಎಷ್ಟು ಪ್ರಬಂಧ ಪ್ರಕಟವಾಯಿತು ಎಂಬುದರ ಪಕ್ಕದಲ್ಲೇ ಎಷ್ಟು ರೋಗಿಗಳು ಚಿಕಿತ್ಸೆ ಮುಗಿಸಿದರು ಎಂಬ ಅಂಕಿಯನ್ನೂ ವರ್ಷಕ್ಕೊಮ್ಮೆ ಜನರ ಮುಂದಿಡಲಿ.

ನಾಲ್ಕು, ಹೊರಗಿನವರ ಕೈ ಹಿಡಿಯುವ ಮೊದಲು ನಮ್ಮವರೇ ಒಬ್ಬರಿನ್ನೊಬ್ಬರ ಕೈ ಹಿಡಿಯಲಿ. 2012ರಲ್ಲಿ ಟಾಟಾ ಆಸ್ಪತ್ರೆಯ ಮುಂದಾಳತ್ವದಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಇದಕ್ಕೆ ಒಳ್ಳೆಯ ಮಾದರಿ. ಅದರ ಆಸ್ಪತ್ರೆಗಳು ಒಟ್ಟಾಗಿ ಚೌಕಾಸಿ ಮಾಡಿ 40 ಔಷಧಿಗಳನ್ನು ಕೊಂಡಾಗ ಬೆಲೆ ಸರಾಸರಿ ಶೇಕಡ 80ಕ್ಕೂ ಹೆಚ್ಚು ಇಳಿಯಿತು. ಒಬ್ಬೊಬ್ಬರೇ ಹೋದಾಗ ಕೇಳಿಸದ ಮಾತು ಒಟ್ಟಿಗೆ ಹೋದಾಗ ಕೇಳಿಸಿತು.

ಇನ್ನು ನಮ್ಮ ಸಮುದಾಯಕ್ಕೆ ಒಂದು ಮಾತು. ವ್ಯವಸ್ಥೆಯನ್ನು ಬೈದು ಕೈ ತೊಳೆದುಕೊಂಡರೆ ನಾವೂ ಆ ಫೋಟೋದವರಂತೆಯೇ ಆಗುತ್ತೇವೆ. ರೆಸೀಫೆಯಲ್ಲಿ ವಸತಿಗೆ, ಪ್ರಯಾಣಕ್ಕೆ ಹಣ ಕೂಡಿಸಿದವರು ಅಲ್ಲಿನ ಊರವರೇ. ನಮ್ಮಲ್ಲಿ ಪ್ರತಿ ವರ್ಷ ಝಕಾತಿನ ಹಣ ಎದ್ದು ಹಂಚಿಹೋಗುತ್ತದೆ. ಜಿಲ್ಲಾ ಕೇಂದ್ರದ ಕ್ಯಾನ್ಸರ್ ರೋಗಿಯೊಬ್ಬರನ್ನು ಎಲ್ಲ ಸಲವೂ ಆಸ್ಪತ್ರೆಗೆ ಮುಟ್ಟಿಸಿ ಕರೆತರುವ ಖರ್ಚು ಒಂದು ಜಮಾಅತಿಗೆ ಭಾರವೇ? ಮದುವೆಯ ಪಂಡಾಲಿಗೆ ಸುರಿಯುವ ದುಡ್ಡಿನಲ್ಲಿ ಒಬ್ಬ ರೋಗಿಯ ವರ್ಷದ ಪ್ರಯಾಣ ನಡೆದೀತು. ಶುಕ್ರವಾರದ ಭಾಷಣದಲ್ಲಿ ಐದು ನಿಮಿಷ ಇದಕ್ಕೆ ಸಿಗಲಿ. ಎದೆಯ ಗಂಟನ್ನು ಬಚ್ಚಿಟ್ಟುಕೊಳ್ಳುವುದು ಲಜ್ಜೆಯಲ್ಲ, ಪ್ರಾಣಕ್ಕೆ ಎರವು ಎಂದು ಮನೆಯ ಹೆಂಗಸರಿಗೆ ಹೇಳುವವರು ಯಾರು? ಹೇಳಬೇಕಾದವರು ಗಂಡಸರೂ ಹೌದು.

ಮುಂದಿನ ಸಲ ಪತ್ರಿಕೆಯಲ್ಲಿ ಅಂಥ ಫೋಟೋ ಬಂದಾಗ ಪುಟ ತಿರುಗಿಸಬೇಡಿ. ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ಈ ಒಡಂಬಡಿಕೆಯಲ್ಲಿ ರೋಗಿಯ ಬಸ್ ಚಾರ್ಜಿಗೆ ಎಷ್ಟು ಇಟ್ಟಿದ್ದೀರಿ, ನಾಲ್ಕನೆಯ ಸಲ ಬಾರದವರನ್ನು ಹುಡುಕುವವರು ಯಾರು ಎಂದು ಕೇಳಿ. ನೂರು ಜನ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ನಾವು ನಮ್ಮ ಪತ್ರವನ್ನು ಇದೋ ಬರೆದಿದ್ದೇವೆ.